ಒಂದು ಇಗರ್ಜಿ, ನಾಲ್ಕು ಭಾಷೆ

ಇಗರ್ಜಿಯಲ್ಲಿ ನಗಬಾರದು ಅಂತ ನನ್ನ ತಾಯಿ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಹೇಳಿಕೊಟ್ಟಿದ್ದರು. ಏನು ಮಾಡಲಿ, ನಗು ಬರುವಂಥದ್ದೆಲ್ಲ ನನ್ನ ಕಣ್ಣೆದುರು ನಡೆಯುವುದು ಇಗರ್ಜಿಯಲ್ಲೇ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ವಿರಾಜಪೇಟೆಯಿಂದ ಕುಟ್ಟದ ಕಡೆಗೆ ಹೋಗುವಾಗ ಸಿಗುವ ಒಂದು ಕಾಫಿ ತೋಟದಲ್ಲಿ ನಾನು ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಭಾನುವಾರ ಬಂದರೆ ಹತ್ತಿರದ ಸಣ್ಣ ಇಗರ್ಜಿಯಲ್ಲಿ ಪುಕ್ಕಟೆ ಸೇವೆ. ಗಂಟೆ ಹೊಡೆಯುವವರು, ಹೂ ಕಟ್ಟುವವರು, ಹಾಡುವವರು, ಬೆಂಚು ಒರೆಸುವವರು ಎಲ್ಲರೂ ನಮ್ಮಂಥವರೇ. ಪೂಜೆ ಲ್ಯಾಟಿನ್ನಿನಲ್ಲಿ. ಅದು ಯಾರಿಗೂ ಅರ್ಥವಾಗದ ಕಾರಣ ಜಗಳವಿರಲಿಲ್ಲ. ಹಾಡು ಬಂತೋ, ಕೊಂಕಣಿ, ತಮಿಳು, ಮಲಯಾಳ, ಕನ್ನಡ ನಾಲ್ಕೂ ಕಡೆಯವರು ತೋಳೇರಿಸುತ್ತಿದ್ದರು.

ಯಾರಿಗೆ ಬಾರಿಸಲಿ

ಹಾರ್ಮೋನಿಯಂ ಬಾರಿಸುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಬಹಳ ಸಾಧು ಮನುಷ್ಯ. ಒಂದು ಭಾನುವಾರ ಅವರೇ ಎಲ್ಲರನ್ನೂ ಕೂರಿಸಿ ರಾಜಿ ಮಾಡಿಸಿದರು: ಒಂದೇ ರಾಗ, ಭಾಷೆಗೊಂದು ಚರಣ. ಸರಿ ಅಂದರು ಎಲ್ಲರೂ.

ಕೊಂಕಣಿಯವರು ನಿಧಾನ. ಒಂದೊಂದು ಅಕ್ಷರವನ್ನೂ ಎಳೆದು ಎಳೆದು ಹಾಡಿದರು. ತಮಿಳಿನವರಿಗೆ ತಾಳ್ಮೆ ಎಲ್ಲಿಂದ ಬರಬೇಕು? ಕಾದು ಸಾಕಾಗಿ ನಡುವೆಯೇ ಶುರು ಮಾಡಿದರು. ಅದನ್ನು ನೋಡಿ ಮಲಯಾಳದವರು, ನಮ್ಮದೇನು ಕಮ್ಮಿ ಅಂತ ಕನ್ನಡದವರು. ನಾಲ್ಕು ಚರಣವೂ ಒಟ್ಟಿಗೇ ಮೇಲೆದ್ದವು.

ಮೇಷ್ಟ್ರು ಬಾರಿಸುವುದನ್ನು ನಿಲ್ಲಿಸಿ ಕೈ ಕಟ್ಟಿ ಕುಳಿತರು. "ಯಾಕೆ ನಿಲ್ಲಿಸಿದಿರಿ?" ಅಂತ ನಾನು ಪಿಸುಗುಟ್ಟಿದೆ.

"ಮುಗಿಸಲಿ ತಡಿರಿ," ಅಂದರು. "ಗೆದ್ದವರಿಗೆ ಬಾರಿಸ್ತೇನೆ."

ಫಾದರ ಅಪ್ಪಣೆ

ಪೂಜೆ ಮುಗಿದ ಮೇಲೆ ಫಾದರು ನಮ್ಮೆಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು. "ಹಬ್ಬಕ್ಕೆ ಬಿಷಪ್ಪರು ಬರ್ತಾರೆ. ಹಾಡು ಬೇಡವೇ ಬೇಡ. ಸಂತರ ಪ್ರಾರ್ಥನೆ ಒಂದೇ ಸಾಕು. ರೈಟರು ಸಂತರ ಹೆಸರು ಹೇಳ್ಲಿ, ನೀವೆಲ್ಲ ಒಂದೇ ಬಾಯಲ್ಲಿ 'ಓರಾ ಪ್ರೊ ನೋಬಿಸ್' ಅನ್ನಿ. ನಮಗಾಗಿ ಪ್ರಾರ್ಥಿಸಿ ಅಂತ ಅರ್ಥ. ಅಷ್ಟೂ ಆಗಲಿಲ್ಲವೋ, ಭಾಷೆಗೊಂದು ಬೇರೆ ಪೂಜೆ ಮಾಡಿಬಿಡಲೇ ಅಂತ ಬಿಷಪ್ಪರನ್ನೇ ಕೇಳ್ತೇನೆ!"

ಎಲ್ಲರಿಗಿಂತ ಹೆಚ್ಚು ಹೆದರಿದವನು ನಾನು. ನಾನು ಕೊಂಕಣಿಯವ, ಹೆಂಡತಿ ಮಲಯಾಳದವಳು, ಮನೆಯಲ್ಲಿ ಜಗಳ ಕನ್ನಡದಲ್ಲಿ. ವಾರವಿಡೀ ನನಗೆ ತೋಟ, ಅವಳಿಗೆ ಒಲೆ. ಇಬ್ಬರೂ ಜೊತೆಯಾಗಿ ಹೊರಗೆ ಹೋಗುವುದು ಅಂತಿದ್ದರೆ ಭಾನುವಾರ ಇಗರ್ಜಿಗೆ ಎರಡು ಮೈಲಿ ನಡಿಗೆ, ಅಷ್ಟೇ. ಅದನ್ನೂ ಕಳೆದುಕೊಳ್ಳುವುದೆಂದರೆ ನನಗೆ ನಿಜವಾಗಿಯೂ ಸಂಕಟವಾಯಿತು. ಅವಳಿಗೆ ಹೇಳಿದೆ.

"ಬೇರೆ ಪೂಜೆ ಆದ್ರೆ ಆಗ್ಲಿ," ಅಂದಳು. "ನಮ್ಮವರದ್ದು ಮೊದಲು ಆದ್ರೆ ಅಡುಗೆ ನಿಮ್ಮದು."

ಕಾಫಿ ಹೂ

ಹಬ್ಬ ಬಂದದ್ದು ಕಾಫಿ ಹೂವಿನ ಸಮಯದಲ್ಲಿ. ಬೆಟ್ಟವೆಲ್ಲ ಬೆಳ್ಳಗೆ, ಘಮಘಮ. ಹೂವಿನ ಸೇವೆ ಪೇಟೆಯ ಬಟ್ಟೆ ಅಂಗಡಿಯವರ ಹೆಂಡತಿಯದು. "ಅಷ್ಟು ಚಂದದ ಹೂ ಕಣ್ಣೆದುರು ಇರುವಾಗ ಚೆಂಡುಹೂ ಯಾಕೆ?" ಅಂದುಬಿಟ್ಟರು. ತೋಟದ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಕಾಫಿ ಹೂ ಕೀಳುವುದೇ? ಹೂ ಹೋದರೆ ಕಾಯಿ ಎಲ್ಲಿ?

ಆದರೂ ಹಬ್ಬದ ಹಿಂದಿನ ದಿನ ಪೀಠದ ತುಂಬ ಕಾಫಿ ಹೂವು! ಎಲ್ಲಿಂದ ಬಂತೋ, ಆ ಮಹಾತಾಯಿ ಬಾಯಿ ಬಿಡಲಿಲ್ಲ. ಸುದ್ದಿ ನಮ್ಮ ತೋಟದ ಮೇಸ್ತ್ರಿಗೆ ಮುಟ್ಟಿತು. ವರ್ಷಕ್ಕೊಮ್ಮೆಯೂ ಇಗರ್ಜಿಗೆ ಬಾರದ ಆಸಾಮಿ ಓಡೋಡಿ ಬಂದ. ನೆಟ್ಟಗೆ ಪೀಠದ ಬಳಿ ಹೋಗಿ ಮಂಡಿಯೂರಿದ. ಅಬ್ಬಾ, ಕೊನೆಗೂ ಇವನಿಗೆ ದೇವರ ನೆನಪಾಯಿತು ಅಂದುಕೊಂಡೆ. ಅವನು ಬಗ್ಗಿ ಒಂದು ಗೊಂಚಲನ್ನು ತಿರುಗಿಸಿ, ಎಲೆ ಸವರಿ ನೋಡಿದ. ಮುಖ ಅರಳಿತು.

"ಇದು ರೋಬಸ್ಟಾ ಸಾರ್! ನಮ್ಮದು ಪೂರ್ತಿ ಅರೇಬಿಕಾ. ಪಕ್ಕದ ತೋಟದ್ದು ಹೋಗಿದೆ," ಅಂತ ಹೇಳಿ, ನಾನು ನೋಡಿದ ಹಾಗೆ ಮೊದಲ ಸಲ, ಭಕ್ತಿಯಿಂದ ಶಿಲುಬೆ ಗುರುತು ಹಾಕಿಕೊಂಡ.

ಬಿಷಪ್ಪರ ದಿನ

ಬಿಷಪ್ಪರು ಬಂದರು. ಇಗರ್ಜಿ ಕಿಕ್ಕಿರಿದಿತ್ತು. ನಾನು ಪುಸ್ತಕ ಹಿಡಿದು ನಿಂತು ಮೊದಲ ಸಂತರ ಹೆಸರು ಹೇಳಿದೆ. ಉತ್ತರವಿಲ್ಲ. ಬಿಷಪ್ಪರ ಟೋಪಿ ನೋಡಿ ಎಲ್ಲರ ನಾಲಿಗೆಯೂ ಒಣಗಿತ್ತು. ಕೊಂಕಣಿಯವರು ಶುರು ಮಾಡಲಿ ಅಂತ ತಮಿಳಿನವರು, ಅವರು ಮಾಡಲಿ ಅಂತ ಇವರು. ಎರಡನೆಯ ಹೆಸರು. ಅದಕ್ಕೂ ಇಲ್ಲ. ಫಾದರು ನನ್ನನ್ನೇ ದುರುಗುಟ್ಟಿ ನೋಡಿ, ಬಿಷಪ್ಪರ ಕಿವಿಯಲ್ಲಿ 'ಭಾಷೆಗೊಂದು ಪೂಜೆ' ಅಂತ ಪಿಸುಗುಟ್ಟಿದರು. ಹೆಂಗಸರ ಕಡೆ ಕುಳಿತ ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು.

ನನಗೋ, ಭಯದಲ್ಲಿ ಲ್ಯಾಟಿನ್ ರಾಗ ಮರೆತೇ ಹೋಯಿತು. ದಿನಾ ಬೆಳಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆಯುವ ಆ ಗಂಟಲೇ ತಾನಾಗಿ ಹೊರಬಂತು.

"ಅಂತೋಣಿ!"

"ಹಾಜರ್ ಸಾರ್!" ಅಂತ ಹಿಂದಿನಿಂದ ಅದೇ ಹೆಸರಿನ ನಮ್ಮ ಆಳೊಬ್ಬ ಎದ್ದು ನಿಂತ. ಪಾಪ, ಅವನದ್ದೂ ಅಭ್ಯಾಸ.

ಆಗಲೇ ನಿಲ್ಲಿಸಬೇಕಿತ್ತು. ಆದರೆ ಓಡಲು ಶುರು ಮಾಡಿದ ನಾಲಿಗೆ ನಿಲ್ಲಬೇಕಲ್ಲ! "ಸ್ತೇಫಾನ!" "ಹಾಜರ್!" ಅದು ಮಲಯಾಳದ ಬೆಂಚಿನಿಂದ. "ಲಾರೆನ್ಸ!" "ಹಾಜರ್!" ಅದು ಕೊಂಕಣಿ. "ಕತ್ತರೀನ!" "ಇದ್ದೀನಿ ಸಾರ್!" "ಲೂಸಿಯ!"

ಉತ್ತರವಿಲ್ಲ. ಇಗರ್ಜಿಯೆಲ್ಲ ಹಿಂದೆ ತಿರುಗಿ ನೋಡಿತು. ಆಗ ನಾಲ್ಕೂ ಭಾಷೆಯವರು ಒಂದೇ ಬಾಯಲ್ಲಿ ಕೂಗಿದರು: "ಜ್ವರ ಸಾರ್! ಲೈನ್ ಮನೆಯಲ್ಲಿ ಮಲಗಿದ್ದಾಳೆ!"

ನಾನು ಭೂಮಿ ಬಾಯಿ ಬಿಡಲಿ ಅಂತ ಕಾದೆ. ಬಿಷಪ್ಪರ ಭುಜ ಕುಲುಕುತ್ತಿತ್ತು. ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು ಫಾದರ ಕಡೆ ತಿರುಗಿದರು. "ಒಬ್ಬಳು ಬಾರದಿದ್ದರೆ ಇಡೀ ಇಗರ್ಜಿಗೆ ಗೊತ್ತಿದೆ. ಇವರನ್ನು ಬೇರೆ ಬೇರೆ ಮಾಡುವ ವಿಷಯ ಇನ್ನು ಎತ್ತಬೇಡಿ."

ನನ್ನ ಹೆಂಡತಿ ಕಣ್ಣು ಬಿಟ್ಟಳು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಪೂಜೆ ಮುಗಿದದ್ದೇ ಬಿಷಪ್ಪರು, "ನಡೀರಿ ರೈಟರೇ, ಲೂಸಿಯಮ್ಮನನ್ನು ನೋಡಿ ಬರೋಣ," ಅಂದರು. ಊರೆಲ್ಲ ಹಿಂದೆ. ಆಳುಗಳ ಲೈನಿನ ಕೊನೆಯ ಮನೆ. ಕಂಬಳಿ ಹೊದ್ದು ಮಲಗಿದ್ದ ಮುದುಕಿ ಬಾಗಿಲು ತೆರೆದ ಸದ್ದಿಗೆ ಕಣ್ಣು ಬಿಟ್ಟಳು. ಉಂಗುರ, ಶಿಲುಬೆ, ನೇರಳೆ ಟೋಪಿಯ ಬಿಷಪ್ಪರು ಎದುರಿಗೇ ನಿಂತಿದ್ದರು. ಅವಳ ಕಣ್ಣಿಗೆ ಬಿದ್ದದ್ದು ಅವರ ಹಿಂದೆ ಪುಸ್ತಕ ಹಿಡಿದು ನಿಂತ ನಾನು. ಕಂಬಳಿ ಕಿತ್ತೊಗೆದು ದಡಬಡ ಎದ್ದು ನಿಂತಳು.

"ಬಂದೆ ಸಾರ್, ಬಂದೆ! ಅರ್ಧ ದಿನ ಆದ್ರೂ ಹಾಕ್ಕೊಳ್ಳಿ!"