ಪುಣಾದಾಗ ನಾ ಆರಿಸಿದ ಹೋಟೆಲ್‌ಗಳು

ಬಸ್ ಕಂಡಕ್ಟರ್ ಅಂದ್ರ ಟಿಕೆಟ್ ಕೊಟ್ಟು ಸೀಟಿ ಊದವ ಅಂತ ಮಂದಿ ತಿಳ್ಕೊಂಡಾರ. ಸಿಂದಗಿಯಿಂದ ಪುಣಾಕ್ಕ ಹೋಗೋ ಬಸ್ಸಿನ್ಯಾಗ ನಾ ಚೀಲ ಹೆಗಲಿಗೆ ಹಾಕ್ಕೊಂಡ ದಿನದಿಂದ ಒಂದು ಶನಿವಾರನೂ ಈ ಪ್ರಶ್ನಿ ತಪ್ಪಿಲ್ಲ: "ಕಂಡಕ್ಟರ್ ಸಾಹೇಬ್ರ, ಪುಣಾದಾಗ ಊಟಕ್ಕ ಎಲ್ಲಿ ಚಲೋ ಐತ್ರಿ?" ಎರಡು ದಿನ ಊರು ನೋಡಾಕ ಹೊಂಟ ಮಂದಿ ಅವ್ರು. ಕೈಯಾಗ ಫೋನ್ ಇರತೈತಿ, ಫೋನಿನ್ಯಾಗ ಹೋಟೆಲ್ ಹೆಸರು ಇರತಾವ, ಹೆಸರಿನ ಮುಂದ ನಕ್ಷತ್ರ ಇರತಾವ. ಆದ್ರೂ ನನ್ನ ಕೇಳ್ತಾರ. ಫೋನ್ ತಪ್ಪು ಹೇಳಿದ್ರ ಅದನ್ನ ಹಿಡದು ಬೈಯಾಕ ಆಗೂದಿಲ್ಲ. ನಾ ತಪ್ಪು ಹೇಳಿದ್ರ ಸೋಮವಾರ ಬಸ್ ಸ್ಟ್ಯಾಂಡಿನ್ಯಾಗ ಸಿಗ್ತೇನಿ.

ಪಕ್ಕದ ಖೋಲಿ

ಆಲಮೇಲದ ಕಡೆ ಹೆಡ್‌ಮಾಸ್ತರ್ ಒಬ್ರು ಹೆಂಡ್ತಿ ಮಕ್ಕಳನ್ನ ಕರ್ಕೊಂಡು, ಬಾಡಗಿ ಕಾರಿನ್ಯಾಗ ಪುಣಾಕ್ಕ ಹೊಂಟಿದ್ರು. ಹೋಗೂಕಿಂತ ಮೊದಲ ನನ್ನ ಹುಡುಕ್ಕೊಂಡು ಬಂದ್ರು. "ದಾರ್ಯಾಗ ನೀವು ಉಣ್ಣೂದು ಎಲ್ಲಿ ಹೇಳ್ರಿ, ನಾವೂ ಅಲ್ಲೇ ಉಣ್ತೇವಿ" ಅಂದ್ರು.

ನಾ ಹುರುಪಿನಿಂದ ಹೇಳಿದ್ನಿ. ಹೈವೇ ಮ್ಯಾಲೆ ನಮ್ಮ ಬಸ್ಸು ನಿಲ್ಲೋ ಹೋಟೆಲ್ ಅದು. ಬಿಸಿ ಭಕ್ರಿ, ಮ್ಯಾಲೆ ಬೆಣ್ಣಿ, ಝುಣಕಾ, ಗಟ್ಟಿ ಮೊಸರು. ಬಾಯಿ ಬಿಟ್ಟು ಕೇಳೂ ಹಂಗಿಲ್ಲ, ಕುಂತ ಕೂಡ್ಲೆ ತಂದು ಹಾಕ್ತಾರ. ಅಂಥಾ ಉಪಚಾರ ನಮ್ಮ ಬೀಗರ ಮನ್ಯಾಗೂ ಇಲ್ಲ ಅಂದ್ನಿ.

ಸೋಮವಾರ ಸಿಕ್ಕ್ರು. "ಊಟ ಹ್ಯಾಂಗಿತ್ರಿ ಸರ್?" ಅಂತ ಕೇಳಿದ್ನಿ.

"ನೀವು ಹೇಳಿದಂಗ ಇತ್ರಿ" ಅಂದ್ರು. "ಬಿಸಿ ಭಕ್ರಿ ಇತ್ತು, ಬೆಣ್ಣಿ ಇತ್ತು, ಮೊಸರೂ ಗಟ್ಟಿ ಇತ್ತು. ಎಲ್ಲಾ ನಮ್ಮ ಮುಂದ ಹಾದು ಪಕ್ಕದ ಡ್ರೈವರ್ ಕಂಡಕ್ಟರ್ ಖೋಲಿಗೆ ಹೊಂಟಿತ್ತು. ನಾವು ತಣ್ಣನ ಅನ್ನ ಉಣಕೋತ ಕಣ್ತುಂಬ ನೋಡಿದ್ವಿ."

ಅವ್ರು ಹೋದ ಮ್ಯಾಲೆ ವಿಚಾರ ಮಾಡಿದ್ನಿ. ಇಷ್ಟು ವರ್ಷದಾಗ ಆ ಹೋಟೆಲ್‌ನ ಹೊರಗಿನ ಬಾಕಿನ ಮ್ಯಾಲೆ ನಾ ಒಮ್ಮೆನೂ ಕುಂತಿಲ್ಲ. ನಂಗ ಗೊತ್ತಿದ್ದ ಹೋಟೆಲ್ಲ ಬ್ಯಾರೆ, ಮಂದಿ ಉಣ್ಣೋ ಹೋಟೆಲ್ಲ ಬ್ಯಾರೆ.

ಚಹಾ ಮಾಡಿದಾಕಿ

ಇಷ್ಟಾದ್ರೂ ನನ್ನ ಹೆಸರು ಕೆಡಲಿಲ್ಲ. ಮುದ್ದೇಬಿಹಾಳದಾಗ ನಮ್ಮ ಅಕ್ಕ ಅದಾಳ. ಆಕೀ ಮಗಳು ಫಾರ್ಮಸಿ ಓದಿ ಅಲ್ಲೇ ಒಂದು ಔಷಧ ಅಂಗಡ್ಯಾಗ ಕೆಲಸ ಮಾಡ್ತಾಳ. ಆಕೀಗೆ ಒಂದು ವರ ಬಂತು. ಹುಡುಗ ಪುಣಾದಾಗ ಗಾಡಿ ಬಿಡಿಭಾಗ ಮಾಡೋ ಕಾರ್ಖಾನ್ಯಾಗ ಸೂಪರ್‌ವೈಸರ್. ಮೂಲ ಬಸವನ ಬಾಗೇವಾಡಿ ಕಡೆ ಮಂದಿ, ಅವರಪ್ಪನ ಕಾಲಕ್ಕ ಪುಣಾಕ್ಕ ಹೋಗಿ ನಿಂತವ್ರು.

ಹುಡುಗಿ ನೋಡಾಕ ಅವ್ರು ಮೊದಲ ಮುದ್ದೇಬಿಹಾಳಕ್ಕ ಬಂದಿದ್ರು. ಬಂದ್ರ ಏನಾತು, ಓಣಿ ಓಣಿನ ನಮ್ಮಕ್ಕನ ಮನಿಗೆ ಬಂದು ಕುಂತಿತ್ತು. ಹುಡುಗ ಪಾಪ, ಧೈರ್ಯ ಮಾಡಿ ಒಂದು ಮಾತು ಕೇಳಿದ: "ಚಹಾ ನೀವ ಮಾಡಿದ್ರೇನ್ರಿ?"

ಹುಡುಗಿ ಬಾಯಿ ತಗಿಯೂದ್ರಾಗ ಅತ್ತಿ, ಚಿಗವ್ವ, ದೊಡ್ಡವ್ವ ಎಲ್ಲಾರೂ ಕೂಡಿ, "ಹೌದ್ರಿ, ಆಕೀನ ಮಾಡ್ಯಾಳ್ರಿ" ಅಂದ್ರು. ಹುಡುಗ "ಚಲೋ ಆಗೇತ್ರಿ" ಅಂದ. ಬಾಗಲದಾಗ ನಿಂತಿದ್ದ ಬಾಜು ಮನಿ ಅಜ್ಜಿ ಸೆರಗು ಬಾಯಿಗೆ ಹಚ್ಚಿ ನಾಚಿದಳು. ಚಹಾ ಮಾಡಿದಾಕಿ ಆಕೀನ.

ಅವತ್ತ ಅವರಿಬ್ಬರ ನಡುವ ಆದ ಮಾತು ಅಷ್ಟ. ಫೋನ್ ನಂಬರ್ ಕೊಡಾಕ ನಮ್ಮ ಭಾವ ಒಪ್ಪಲಿಲ್ಲ. ಲಗ್ನ ಗಟ್ಟಿ ಆಗೂತನಕ ಅದೆಲ್ಲಾ ನಡಿಯಂಗಿಲ್ಲ ಅಂದ. ಮುಂದ ಹುಡುಗನ ತಂದಿ ಫೋನ್ ಮಾಡಿ, "ಈಗ ನೀವು ಪುಣಾಕ್ಕ ಬರ್ರಿ. ನಮ್ಮದು ಎರಡು ಖೋಲಿ ಮನಿ, ಎಲ್ಲಾರೂ ಕೂಡ್ರಾಕ ಆಗೂದಿಲ್ಲ. ರವಿವಾರ ಮಧ್ಯಾಹ್ನ ಒಂದು ಹೋಟೆಲ್‌ದಾಗ ಕೂಡೂಣು. ಹೋಟೆಲ್ ನೀವ ಆರಿಸ್ರಿ. ಹ್ಞೂಂನೋ ಉಹ್ಞೂಂನೋ, ಅಲ್ಲೇ ಹೇಳಿಬಿಡೂಣು" ಅಂದ್ರು.

ಆರಿಸೋ ಕೆಲಸ ಸೋದರಮಾವ ಅಂತ ನನ್ನ ತಲಿಗೆ ಬಂತು. ಭಾವ ಅಂದ, "ಶುದ್ಧ ಶಾಕಾಹಾರಿ ಇರಬೇಕು." ಅಕ್ಕ ಅಂದ್ಲು, "ದೊಡ್ಡ ಹೋಟೆಲ್ ಇರಬೇಕು ತಮ್ಮಾ, ನಾಳೆ ಅವರ ಮಂದಿ ಮುಂದ ಸಣ್ಣಾವ್ರು ಆಗಬಾರದು."

ಹುಡುಗಿ ನನ್ನ ಹಿತ್ತಲಕ್ಕ ಕರದು ಹೇಳಿದ್ಲು. "ಮಾಮಾ, ಊಟ ಹ್ಯಾಂಗಿದ್ರೂ ನಡೀತೈತಿ. ನಾ ಅವರ ಜೋಡಿ ಎರಡು ಮಾತು ಆಡುವಂಥ ಜಾಗ ನೋಡು. ಪುಣಾಕ್ಕ ಹೋದ ಮ್ಯಾಲೆ ನಾ ಕೆಲಸಕ್ಕ ಹೋಗಬಹುದೋ ಇಲ್ಲೋ, ಅದನ್ನ ಅವರ ಬಾಯಿಂದ ಕೇಳಬೇಕು. ಕೇಳಾಕ ಆಗಲಿಲ್ಲ ಅಂದ್ರ ನಾ ಒಲ್ಲೆ ಅಂತೇನಿ. ಅಪ್ಪ ಸಿಟ್ಟಾದ್ರೂ ಅಷ್ಟ."

ಆಕೀ ದನಿಯಾಗ ಹಟ ಇರಲಿಲ್ಲ. ಹೆದರಿಕಿ ಇತ್ತು. ಓದು ಮುಗಿಸಿ, ಔಷಧ ಅಂಗಡ್ಯಾಗ ಬಿಳಿ ಅಂಗಿ ಹಾಕ್ಕೊಂಡು ನಿಂತ ದಿನ ಆಕಿ ನನಗ ಪೇಡೆ ಕೊಟ್ಟಿದ್ಲು. ಆತವ್ವ, ನೋಡ್ತೇನಿ ಅಂದ್ನಿ.

ಬೆಳಕಿಲ್ಲದ ಹೋಟೆಲ್

ಶನಿವಾರನ ಅಕ್ಕ, ಭಾವ, ಹುಡುಗಿ, ನಾನು, ನಾಲ್ಕೂ ಮಂದಿ ಪುಣಾಕ್ಕ ಹೋಗಿ ಇಳದ್ವಿ. ಒಂದು ದಿನ ಮೊದಲ ಹೋಟೆಲ್ ನೋಡಿ ಇಡೂಣು ಅಂತ.

ಎರಡು ಮಾತು ಆಡಾಕ ಶಾಂತ ಜಾಗ ಬೇಕಲ್ಲ, ಫೋನಿನ್ಯಾಗ ಅಂಥಾದ್ದ ಒಂದು ಹುಡುಕಿದ್ನಿ. ಒಳಗ ಹೋದ್ರ ಹಾಡಾ ಹಗಲ ಕತ್ತಲಿ. ಮೇಜಿನ ಮ್ಯಾಲೆ ಒಂದೊಂದು ಮೇಣಬತ್ತಿ. ಜನ ಪಿಸಿ ಪಿಸಿ ಮಾತಾಡಾಕತ್ತಿದ್ರು. ಹುಡುಗಿ ಮಾರಿ ಮ್ಯಾಲೆ ನಗು ಬಂತು. ಇದ ಸರಿ ಅಂತ ನನಗೂ ಅನಿಸ್ತು.

ಭಾವ ಕುರ್ಚಿ ಹುಡುಕಿ ಕುಂತ. ಮೆನು ಕಾಣಲಿಲ್ಲ, ಫೋನಿನ ಬ್ಯಾಟ್ರಿ ಹಚ್ಚಿದ. ಮೆನು ನೋಡಿದ ಮ್ಯಾಲೆ ಬ್ಯಾಟ್ರಿ ಎತ್ತಿ ಗ್ವಾಡಿ ನೋಡಿದ, ಮಾಳಿಗಿ ನೋಡಿದ, ಆಮ್ಯಾಲೆ ಆಜೂಬಾಜೂ ಕುಂತ ಜೋಡಿಗಳ ಮಾರಿ ಮ್ಯಾಲೆ ಒಂದೊಂದಾಗಿ ಬಿಟ್ಟ. ವೇಟರ್ ಓಡಿ ಬಂದು, ಏನು ಕಳಕೊಂಡೀರಿ ಅಂತ ಮರಾಠ್ಯಾಗ ಕೇಳಿದ.

"ಏನೂ ಕಳದಿಲ್ಲಪ್ಪ" ಅಂದ ಭಾವ ಕನ್ನಡದಾಗ. "ನಾಳೆ ಇಲ್ಲಿ ವರ ನೋಡೋದು ಐತಿ. ಬೆಳಕು ಬಂದಾಗ ಬರ್ತೇವಿ."

ಪಾಳಿ

ಅಲ್ಲಿಂದ ಇನ್ನೊಂದು ಹೋಟೆಲ್ಲಿಗೆ ಹೋದ್ವಿ. ಫೋನಿನ್ಯಾಗ ಅದಕ್ಕ ನಕ್ಷತ್ರ ಭಾಳ. ಅದಕ್ಕ ಹೊರಗ ಮಂದಿನೂ ಭಾಳ. ಹೆಸರು ಬರಸಿ ಬಾಕಿನ ಮ್ಯಾಲೆ ಕುಂದ್ರಬೇಕು, ಕರದಾಗ ಒಳಗ ಹೋಗಬೇಕು.

ನಮ್ಮ ಮಂದಿ ಬುತ್ತಿ ಇಲ್ಲದ ಊರು ಬಿಡೂದಿಲ್ಲ. ಕಾಶಿಗೆ ಹೋಗಲಿ, ಹೋಟೆಲ್ ನೋಡಾಕ ಹೋಗಲಿ, ಚೀಲದಾಗ ಕಟಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇರಬೇಕು. ಸುಮ್ಮನ ಕುಂತು ಬ್ಯಾಸರಾಗಿ ಅಕ್ಕ ಗಂಟು ಬಿಚ್ಚಿದ್ಲು. ಬಿಚ್ಚಿದಾಕಿ ಒಬ್ಬಾಕೀನ ತಿನ್ನತಾಳೇನು? ಬಾಜುಕ ಕುಂತ ಮುದುಕಿಗೆ ಅರ್ಧ ರೊಟ್ಟಿ ಕೊಟ್ಲು. ಮುದುಕಿ ಮೊಮ್ಮಗಳಿಗೆ ಕೊಟ್ಲು. ಅದರ ವಾಸನಿಗೆ ಅತ್ತಾಗಿನ ಬಾಕಿನವ್ರು ತಿರುಗಿ ನೋಡಿದ್ರು. "ತಗೋರಿ ತಗೋರಿ, ಸಂಕೋಚ ಮಾಡಬ್ಯಾಡ್ರಿ" ಅಂತ ಅಕ್ಕ ಎದ್ದು ನಿಂತು ಬಡಸಾಕತ್ತಿದ್ಲು. ಮರಾಠಿ ಆಕೀಗೆ ಬರೂದಿಲ್ಲ, ಕನ್ನಡ ಅವರಿಗೆ ಬರೂದಿಲ್ಲ. ಮೊಸರು ಹಾಕ್ಲೇನು ಅನ್ನೋದು ಮಾತ್ರ ಎಲ್ಲಾರಿಗೂ ತಿಳೀತು.

ನಮ್ಮ ಹೆಸರು ಕರದಾಗ ನಮ್ಮೆಲ್ಲರ ಹೊಟ್ಟಿ ತುಂಬಿತ್ತು. ಎದ್ದು ಹೊಂಟ್ವಿ. ಆಗ ಮಗ್ಗಲಿನವ ಒಬ್ಬ ಕೈ ಒರಸಿಕೋತ ನನ್ನ ಹತ್ರ ಬಂದ. "ಒಳಗಿನ ಊಟ ಹ್ಯಾಂಗಿರತೈತೋ ಗೊತ್ತಿಲ್ಲ, ಹೊರಗಿನದು ಭಾಳ ಚಲೋ ಐತಿ. ಇದನ್ನ ದಿನಾ ಕೊಡ್ತಾರೇನ್ರಿ, ಶನಿವಾರ ಅಷ್ಟೇನ?" ಅಂತ ಮರಾಠ್ಯಾಗ ಕೇಳಿದ.

ಸಿಹಿ ಬಟ್ಟಲ

ರವಿವಾರ ಮುಂಜಾನೆ ಆತು, ಹೋಟೆಲ್ ಇನ್ನೂ ಸಿಕ್ಕಿರಲಿಲ್ಲ. ಭಾವ ಸಿಟ್ಟಾಗಿದ್ದ. ಕಡೀಕ ಲಾಡ್ಜಿನವ ಹೇಳಿದ ಒಂದು ಥಾಲಿ ಹೋಟೆಲ್ಲಿಗೆ ಹ್ಞೂಂ ಅಂದ್ನಿ. ಶುದ್ಧ ಶಾಕಾಹಾರಿ, ದೊಡ್ಡದು, ಬೆಳಕು ಬೇಕಾದಷ್ಟು. ಭಾವ ಖುಷಿ, ಅಕ್ಕ ಖುಷಿ.

ಒಳಗ ಕಾಲಿಟ್ವಿ. ಅದು ಹೋಟೆಲ್ ಇರಲಿಲ್ಲ, ಸಂತಿ ಇತ್ತು. ಬಡಸವ್ರು ಒಬ್ಬರ ಹಿಂದ ಒಬ್ಬರು ಓಡಾಡಾಕತ್ತಿದ್ರು. ಅವ್ರು ಮೂರು ಮಂದಿ, ನಾವು ನಾಲ್ಕು ಮಂದಿ, ಉದ್ದನ ಮೇಜಿಗೆ ಕುಂತ್ವಿ. ಹುಡುಗ ಆ ತುದಿಗೆ, ಹುಡುಗಿ ಈ ತುದಿಗೆ. ಹುಡುಗ ಮುಂದ ಬಾಗಿ "ನೀವು…" ಅಂದ್ರ ವೇಟರ್ "ರೋಟಿ?" ಅಂತಿದ್ದ. ಹುಡುಗಿ "ನಾನು…" ಅಂದ್ರ "ದಾಲ್?" ಅಂತಿದ್ದ. ಹುಡುಗಿ ನನ್ನ ಕಡೆ ಒಮ್ಮೆ ನೋಡಿದ್ಲು. ಆ ನೋಟ ತಡಕೊಳ್ಳಾಕ ಆಗದ ನಾ ಉಪ್ಪಿನಕಾಯಿ ನೋಡಿದ್ನಿ. ಇಷ್ಟು ದೂರ ಕರ್ಕೊಂಡು ಬಂದು, ಆಕೀ ಕೇಳಿದ್ದು ಒಂದ ಒಂದು, ಅದನ್ನೂ ಕೊಡಿಸಾಕ ಆಗಲಿಲ್ಲಲ್ಲ ಅಂತ ನನ್ನ ನಾನ ಬೈಕೊಂಡ್ನಿ.

ಅಷ್ಟರಾಗ ಮ್ಯಾನೇಜರ್ ನಮ್ಮ ಮೇಜಿಗೆ ಬಂದ. ಯಾಕಂದ್ರ ನಮ್ಮ ಏಳೂ ತಾಟಿನ್ಯಾಗ ಜಾಮೂನಿನ ಬಟ್ಟಲ ಹಾಕಿದ್ದು ಹಾಕಿದಂಗ ಇತ್ತು. ನಮ್ಮ ಕಡೆ ಹುಡುಗಿ ನೋಡೋ ಕಾರ್ಯದಾಗ ಸಿಹಿ ತಿಂದ್ರ ಒಪ್ಪಿದಂಗ. ಅದಕ್ಕ ಭಾವ ಬಾಗಲದಾಗ ನಮಗೆಲ್ಲಾ ಹೇಳಿದ್ದ: "ಮಾತು ಮುಗಿಯೂತನಕ ಯಾರೂ ಸಿಹಿ ಮುಟ್ಟಬ್ಯಾಡ್ರಿ." ಆ ಕಡೆಯವ್ರೂ ಬಾಗೇವಾಡಿ ಮಂದಿನ, ಅವರೂ ತಮ್ಮವರಿಗೆ ಇದನ್ನ ಹೇಳಿ ಕರ್ಕೊಂಡು ಬಂದಿದ್ರು. ಇದು ಪುಣಾದ ಮ್ಯಾನೇಜರ್‌ಗೆ ಹ್ಯಾಂಗ ಗೊತ್ತಾಗಬೇಕು? ಜಾಮೂನು ಕೆಟ್ಟೈತೇನು ಅಂತ ಅವ ಕೇಳಿದ. ಇಲ್ಲ ಇಲ್ಲ ಅಂದ್ವಿ. ಹಂಗಾರ ಇದನ್ನ ತಿನ್ನರಿ ಅಂತ ಎಲ್ಲಾರಿಗೂ ಶ್ರೀಖಂಡ ಹಾಕಿಸಿದ. ಅದನ್ನೂ ಯಾರೂ ಮುಟ್ಟಲಿಲ್ಲ. ಅವನ ಮಾರಿ ಸಣ್ಣದಾತು. ಬಾಸುಂದಿ ತರಸಿದ.

ಅದನ್ನ ತರೋ ಗಡಿಬಿಡ್ಯಾಗ ಒಬ್ಬ ವೇಟರ್ ಹುಡುಗನ ತೋಳಿನ ಮ್ಯಾಲೆ ಕಢಿ ಚೆಲ್ಲಿದ. ಹುಡುಗ ತೊಳಕೊಳ್ಳಾಕ ಎದ್ದು ಹೋದ. ಹುಡುಗಿ ಒಂದು ಗಳಿಗಿ ಕುಂತ್ಲು. ಆಮ್ಯಾಲೆ, "ನಾನೂ ಕೈ ತೊಳ್ಕೊಂಡು ಬರ್ತೇನಿ" ಅಂದು ಎದ್ಲು. ಆಕೀ ತಾಟಿನ್ಯಾಗ ರೋಟಿ ಹಂಗ ಇತ್ತು.

ಕೈ ತೊಳಿಯೋ ಜಾಗ ದೂರ, ಕಂಬದ ಹಿಂದ. ನಾ ಕುಂತಲ್ಲಿಂದ ಅಷ್ಟ ಅದು ಕಾಣ್ತಿತ್ತು. ಆಕಿ ಏನೋ ಕೇಳಾಕತ್ತಿದ್ಲು, ಅವ ಒದ್ದಿ ತೋಳು ಹಿಡಕೊಂಡು ಕೇಳಿಸ್ಕೋತಿದ್ದ. ಇನ್ನ ನಾ ಸುಮ್ಮನಿದ್ರ ಕೆಲಸ ಕೆಡತೈತಿ ಅಂತ ಮ್ಯಾನೇಜರ್‌ನ ಕೈ ಹಿಡದ್ನಿ. ನನಗ ಬರೋ ಹರಕು ಮುರಕು ಮರಾಠ್ಯಾಗ, ಬಾಸುಂದಿಗೆ ಹಾಲು ಎಮ್ಮಿದೋ ಆಕಳದೋ ಅಂತ ಕೇಳಿದ್ನಿ. ಎಷ್ಟೊತ್ತು ಕುದಸ್ತೀರಿ ಅಂತ ಕೇಳಿದ್ನಿ. ಅವ ಅಡಗಿಯವನ್ನ ಕರಸಿದ. ಭಾವ, ಎಮ್ಮಿ ಹಾಲಿಂದ ಚಲೋ ಅಂದ. ಹುಡುಗನ ತಂದಿ, ಬಾಗೇವಾಡ್ಯಾಗ ನಮ್ಮ ಮನ್ಯಾಗ ಎಂಥಾ ಎಮ್ಮಿ ಇತ್ತು ಗೊತ್ತೇನ್ರಿ ಅಂದ್ರು. ಅಕ್ಕ, ಹುಡುಗನ ತಾಯಿ ಇಬ್ಬರೂ ಅಡಗಿಯವಗ ಕೆನಿ ಹ್ಯಾಂಗ ತಗೀಬೇಕು ಅಂತ ಕನ್ನಡದಾಗ ಹೇಳಾಕ ನಿಂತ್ರು. ಬಂದಾಗಿಂದ ಬಿಗದು ಕುಂತ ಎರಡೂ ಕಡೆಯವ್ರು ಒಂದು ಎಮ್ಮಿ ಸಲುವಾಗಿ ಬಾಯಿ ತುಂಬ ಮಾತಾಡಿದ್ರು. ಮಕ್ಕಳು ಎಲ್ಲಿ ಅಂತ ಯಾರಿಗೂ ನೆನಪಾಗಲಿಲ್ಲ.

ಎಮ್ಮಿ ಮಾತು ಇನ್ನೂ ನಡದಾಗ, ಎಷ್ಟೋ ಹೊತ್ತಿಗೆ ಇಬ್ಬರೂ ಬಂದು ತಂತಮ್ಮ ಜಾಗಕ್ಕ ಕುಂತ್ರು. ಹುಡುಗಿ ಕಣ್ಣು ಒದ್ದಿ ಆಗಿದ್ವು, ಆದ್ರ ಮಾರಿ ಹಗುರ ಆಗಿತ್ತು. ಯಾರ ಕಡೆನೂ ನೋಡಲಿಲ್ಲ. ಚಮಚಾ ತಗೊಂಡು ಜಾಮೂನು ಬಾಯಾಗ ಇಟ್ಕೊಂಡ್ಲು. ಆ ತುದಿಯಾಗ ಹುಡುಗನೂ ತನ್ನ ಬಟ್ಟಲ ಎಳಕೊಂಡ. ಮ್ಯಾನೇಜರ್ "ಹಾಂ" ಅಂತ ಉಸರು ಬಿಟ್ಟ.

ಭಾವ ಗಾಬರಿ ಆಗಿ ಮಗಳ ಕಡೆ ಬಾಗಿದ. "ಮಾತು ಮುಗಿಯೂತನಕ ಸಿಹಿ ಮುಟ್ಟಬ್ಯಾಡ ಅಂದಿದ್ನಲ್ಲ?"

ಹುಡುಗಿ ಜಾಮೂನು ನುಂಗಿ, ಶ್ರೀಖಂಡದ ಬಟ್ಟಲಕ್ಕ ಕೈ ಹಾಕಿದ್ಲು. "ನಮ್ಮ ಮಾತು ಮುಗೀತಪ್ಪಾ" ಅಂದ್ಲು. "ನಿಮ್ಮದು ಎಮ್ಮಿದು ಇನ್ನೂ ಐತೇನು?"