ಹಿತ್ತಲ ಗಿಡ ಮದ್ದಾದ ಬಗೆ

‘ಹಿತ್ತಲ ಗಿಡ ಮದ್ದಲ್ಲ’ ಎಂದು ಗಾದೆ ಕಟ್ಟಿದ ಮಹಾನುಭಾವನಿಗೆ ಹಿತ್ತಲೇ ಇರಲಿಲ್ಲವೆಂದು ನನ್ನ ಗುಮಾನಿ. ನನಗಿತ್ತು. ಅಲ್ಲಿ ನನ್ನ ಹೆಂಡತಿ ಬಟ್ಟೆ ಒಣಗಿಸುತ್ತಿದ್ದಳು. ಹಗ್ಗದ ಕಂಬಗಳನ್ನು ಕಿತ್ತು ಗುಜರಿಗೆ ಹಾಕಿ, ನಾನು ಮುಟ್ಟಿದರೆ ಮುನಿ ಬೆಳೆಯಲು ಹೊರಟೆ. ಮೂಲವ್ಯಾಧಿಗೆ ಅದು ರಾಮಬಾಣವಂತೆ. ಜಗತ್ತಿನಲ್ಲಿ ಕಚೇರಿ, ಕಚೇರಿಯಲ್ಲಿ ಕುರ್ಚಿ ಇರುವ ತನಕ ಗಿರಾಕಿಗೇನು ಬರ? (ಕುರ್ಚಿಯ ಸ್ವಂತ ಅನುಭವದಿಂದಲೇ ಹೇಳುತ್ತಿದ್ದೇನೆ.)

“ಬಟ್ಟೆ ಎಲ್ಲಿ ಒಣಗಿಸ್ಲಿ? ನಿಮ್ಮ ತಲೆ ಮೇಲಾ?”

“ನಡುಮನೆ ಪೂರ್ತಿ ನಿಂದೇ. ಹಗ್ಗ ಕಟ್ಕೋ.”

“ಬೆಳೆ ಮಾರಾಟ ಆಗ್ದಿದ್ರೆ?”

“ಜೀವನಪೂರ್ತಿ ಮನೆ ಬಟ್ಟೆ ನಾನೇ ಒಗೀತೀನಿ!”

ಒಳಗಿನಿಂದ ಅತ್ತೆ, “ನಾನೂ ಕೇಳಿಸ್ಕೊಂಡೆ” ಎಂದರು. ಬೇರೆ ಹೊತ್ತಿನಲ್ಲಿ ಅವರಿಗೆ ಕಿವಿ ಮಂದ.

ಗಿಡವೇನೋ ಹುಲುಸಾಗಿ ಬಂತು. ಆದರೆ ಅದರ ಸ್ವಭಾವ! ಬೆರಳು ತಾಗಿದರೆ ಮುದುಡುತ್ತಿತ್ತು, ನೀರು ಹಾಕಿದರೆ ಮುದುಡುತ್ತಿತ್ತು, ಅತ್ತೆ ಸೀನಿದರೂ ಮುದುಡುತ್ತಿತ್ತು. ಗಿಡಮೂಲಿಕೆ ಅಂಗಡಿಯವರು ಬೆಳೆ ನೋಡಲು ಬರುವ ದಿನ ಮನೆಯಲ್ಲಿ ನಿಷೇಧಾಜ್ಞೆ ಜಾರಿ ಮಾಡಿದೆ. ಹಿತ್ತಲಿಗೆ ಯಾರೂ ಕಾಲಿಡಕೂಡದು, ಸೀನು ಬಂದರೆ ಬೀದಿಗೆ ಹೋಗಿ ಸೀನತಕ್ಕದ್ದು! ಒಂದೊಂದು ಎಲೆಯೂ ಅರಳಿ ನಿಂತಿತ್ತು. ಅಂಗಡಿಯವರನ್ನು ಕರೆತಂದ ಸಂಭ್ರಮದಲ್ಲಿ ಎಡವಿ, ಬೆಳೆಯ ಮೇಲೆ ಬೋರಲು ಬಿದ್ದವನು ನಾನೇ.

ಇಡೀ ಪಾತಿ ಏಕಕಾಲಕ್ಕೆ ಮುನಿಯಿತು. ಮುಳ್ಳು ಸಮೇತ ಎದ್ದು, “ಸ್ವಲ್ಪ ಕೂತ್ಕೊಳ್ಳಿ ಸ್ವಾಮಿ, ಇದರ ಸಿಟ್ಟು ಇಳಿಯುತ್ತೆ” ಎಂದು ಅಂಗಲಾಚಿದೆ.

“ಅರಳಿದ್ರೇನು, ಮುದುಡಿದ್ರೇನು?” ಎಂದರು ಅವರು. “ಬೇರು ಸಮೇತ ಕಿತ್ತು ಒಣಗಿಸಿ ಕೊಡಿ, ಎಲ್ಲಾ ತಗೋತೀನಿ. ಬಿಸಿಲು ಮಾತ್ರ ತಾಗಬಾರ್ದು. ಮನೆಯೊಳಗೆ ಹಗ್ಗಕ್ಕೆ ನೇತುಹಾಕಿ. ಜಾಗ ಇದೆ ತಾನೆ?”

ನಾನು ಹೆಂಡತಿಯ ಮುಖ ನೋಡಿದೆ. ಅವಳು ನಡುಮನೆಯ ಹಗ್ಗ ನೋಡಿದಳು.

“ಬಿಟ್ಕೊಡ್ತೀನಿ. ಆದ್ರೆ ಬಟ್ಟೆ ಒಗೆಯೋ ಕೆಲಸಾನೂ ಹಗ್ಗದ ಜೊತೆಗೇ ಬರುತ್ತೆ.”

“ಬೆಳೆ ಮಾರಾಟ ಆಯ್ತಲ್ಲ! ಗೆದ್ದಿದ್ದು ನಾನು!”

“ಒಣಗಿಸದೆ ಎಲ್ಲಿ ಮಾರ್ತೀರಿ? ಹಗ್ಗ ಬೇಡ ಅಂದ್ರೆ ಸೋತ್ರಿ. ಆಗ್ಲೂ ಬಟ್ಟೆ ನಿಮ್ದೇ.”

ಈಗ ನಡುಮನೆಯಲ್ಲಿ ಮದ್ದು ಒಣಗುತ್ತಿದೆ, ಹಿತ್ತಲಲ್ಲಿ ನಾನು ಒಗೆಯುತ್ತಿದ್ದೇನೆ. ಮುಳ್ಳು ಗೀರಿದ ಕೈಗೆ ಸೋಪಿನ ನೀರು ಚುರ್ರೆನ್ನುತ್ತದೆ. ನಿನ್ನೆ ಅತ್ತೆ ಇನ್ನೊಂದು ಹೊದಿಕೆ ತಂದು, “ಅಳಿಯಂದ್ರೇ” ಎಂದು ಬೆನ್ನಿಗೆ ಬೆರಳು ತಾಗಿಸಿದರು. ನಾನು ಕೂತಲ್ಲೇ ಮುದುಡಿಕೊಂಡೆ.

“ಮುಟ್ಬೇಡಮ್ಮಾ,” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು, “ಸ್ವಲ್ಪ ಹೊತ್ತು ಬಿಟ್ರೆ ಅವರೇ ಅರಳ್ತಾರೆ.”