ಕಾರಿನ ಫ್ಯಾನು ನಿಲ್ಲದಿರಲಿ

ನಮ್ಮ ಮನೆಯಲ್ಲಿ ಕುರ್ಚಿಗಳಿಗೆ ಬರವಿಲ್ಲ. ಸೋಫಾ ಇದೆ, ಊಟದ ಮೇಜಿನ ಸುತ್ತ ಕುರ್ಚಿಗಳಿವೆ, ಅಡುಗೆಮನೆಯಲ್ಲಿ ಒಂದು ಸ್ಟೂಲೂ ಇದೆ. ಬರ ಇರುವುದು ಕೂರುವ ಯೋಗಕ್ಕೆ. ನಾನು ಕೂತ ಸುದ್ದಿ ಮನೆಯವರಿಗೆಲ್ಲ ಹೇಗೆ ತಲುಪುತ್ತದೋ ತಿಳಿಯದು. "ಹೇಗೂ ಕೂತಿದ್ದೀಯಲ್ಲಮ್ಮ, ಈ ಗುಂಡಿ ಹೊಲಿದುಕೊಡು" ಎಂದು ಮಗಳು ಬರುತ್ತಾಳೆ. "ಸುಮ್ನೆ ಕೂತಿದ್ದೀಯಲ್ಲ, ನನ್ನ ಕನ್ನಡಕ ಎಲ್ಲಿದೆ ನೋಡು" ಎಂದು ನಮ್ಮವರು ಬರುತ್ತಾರೆ. (ಕೂತವಳು ಎದ್ದರೆ ಮಾತ್ರ ಕನ್ನಡಕ ಸಿಗುತ್ತದೆ ಎಂಬುದು ಅವರಿಗಿನ್ನೂ ಹೊಳೆದಿಲ್ಲ.) ಅತ್ತೆಯೊಬ್ಬರೇ ನನ್ನನ್ನು ಏನೂ ಕೇಳದವರು. ಅವರಿಗೆ ಅವರದೇ ಸಾಕಷ್ಟಿದೆ. ಟಿವಿ ಮುಂದೆ ಕೂತರೂ ಅವರ ಕೈ ಕೂರುವುದಿಲ್ಲ; ಬೆಳ್ಳುಳ್ಳಿ ಬಿಡಿಸುತ್ತಿರುತ್ತದೆ, ಇಲ್ಲವೇ ಎಲ್ಲರ ಬಟ್ಟೆ ಮಡಿಸುತ್ತಿರುತ್ತದೆ.

ಇಂಥ ಮರಳುಗಾಡಿನಲ್ಲಿ ನನಗೊಂದು ನೆರಳು ಸಿಕ್ಕಿದ್ದು ನಮ್ಮ ಹಳೆಯ ಕಾರಿನ ಫ್ಯಾನು ಕೆಟ್ಟಾಗ. ಕೆಟ್ಟಿತು ಎಂದರೆ ತಿರುಗುವುದನ್ನು ನಿಲ್ಲಿಸಿತು ಎಂದುಕೊಳ್ಳಬೇಡಿ. ನಿಲ್ಲುವುದನ್ನೇ ನಿಲ್ಲಿಸಿತು.

ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸ್ವಾಗತದ ಮೇಜು ನೋಡಿಕೊಳ್ಳುವವಳು. ಕೆನ್ನೆ ಊದಿಸಿಕೊಂಡು ಬಂದವರಿಗೆ "ಇನ್ನೇನು ಕರೀತಾರೆ" ಎಂದು ಇಡೀ ದಿನ ಸಮಾಧಾನ ಹೇಳಿ ಆ ಸಂಜೆ ಮನೆ ಮುಂದೆ ಕಾರು ನಿಲ್ಲಿಸಿದೆ. ಕೀ ತೆಗೆದೆ. ಇಂಜಿನ್ ಸುಮ್ಮನಾಯಿತು, ಅದನ್ನು ತಂಪು ಮಾಡುವ ಫ್ಯಾನು ಮಾತ್ರ ಭರ್ರೆಂದು ತಿರುಗುತ್ತಲೇ ಇತ್ತು. ಈಗ ನಿಂತೀತು, ಆಗ ನಿಂತೀತು ಎಂದು ಸೀಟಿಗೊರಗಿ ಕಾದೆ. ನಮ್ಮವರು ಬಾಗಿಲಿಗೆ ಬಂದರು.

"ಯಾಕೆ, ಇಳಿಯಲ್ವಾ?"

"ಫ್ಯಾನ್ ನಿಲ್ತಾ ಇಲ್ಲ ಕಣ್ರೀ. ಇಂಜಿನ್ ಬಿಸಿಯಾಗಿದೆಯೋ ಏನೋ, ನೋಡ್ತಾ ಇದ್ದೀನಿ."

"ಹೌದಾ? ಹಾಗಾದ್ರೆ ಕೂತಿರು, ಕೂತಿರು! ಅವಸರ ಮಾಡಬೇಡ!" ಎಂದು ತುದಿಗಾಲಲ್ಲಿ ಒಳಗೆ ಹೋದರು.

ನನಗೆ ಜ್ಞಾನೋದಯವಾಯಿತು. ತಲೆನೋವು ಎಂದಿದ್ದರೆ ಇದೇ ಮನುಷ್ಯ "ಒಂದು ಟೀ ಕುಡಿ, ಹಾಗೇ ನನಗೂ ಮಾಡು" ಎನ್ನುತ್ತಿದ್ದರು. ಹೆಂಗಸು ತನಗಾಗಿ ಕೂತರೆ ಸೋಮಾರಿತನ. ಯಂತ್ರಕ್ಕಾಗಿ ಕೂತರೆ ಜವಾಬ್ದಾರಿ!

ರಾತ್ರಿಯಿಡೀ ಫ್ಯಾನು ತಿರುಗಿ ಮಾರನೆಯ ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ನಮ್ಮವರು ಕಾರು ತಳ್ಳಿ, ಏದುಸಿರು ಬಿಡುತ್ತ, ಫ್ಯಾನು ರಿಪೇರಿಯಾಗುವವರೆಗೆ ಪ್ರತಿ ಸಂಜೆ ಬ್ಯಾಟರಿಯ ವೈರು ಕಳಚಬೇಕೆಂದು ಆಜ್ಞೆ ಹೊರಡಿಸಿದರು. ಅದಕ್ಕೆ ನಾನು ಒಂದು ಉಪನಿಯಮ ಸೇರಿಸಿದೆ: ಇಂಜಿನ್ ಪೂರ್ತಿ ತಣಿಯುವ ತನಕ ಕಳಚಕೂಡದು, ಯಾರಾದರೂ ಪಕ್ಕದಲ್ಲೇ ಕೂತು ಕಾಯಬೇಕು. ಆ ಕಷ್ಟದ ಕೆಲಸವನ್ನು ನಾನೇ ವಹಿಸಿಕೊಂಡೆ.

ಆಹಾ, ಎಂಥ ಸಂಜೆಗಳು! ಗಾಜು ಏರಿಸಿ, ಚಪ್ಪಲಿ ಬಿಟ್ಟು, ಕಾಲು ಮಡಿಚಿ ಕೂರುತ್ತಿದ್ದೆ. ಒಳಗಿನಿಂದ ಯಾರು ಕೂಗಿದರೂ ಫ್ಯಾನಿನ ಸದ್ದಿಗೆ ಕೇಳಿಸುತ್ತಿರಲಿಲ್ಲ. ಮುಂದಿನ ಗಾಜಿನಾಚೆ ನಮ್ಮ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಮೂಕಿ ಸಿನಿಮಾದಂತೆ ನಮ್ಮವರು ಒಂದೊಂದೇ ಡಬ್ಬ ತೆರೆದು ಮೂಸುತ್ತಿದ್ದರು. ಉಪ್ಪು ಹುಡುಕುವವರು ಮೂಸುವುದೇಕೋ! ಮಗಳು ಹಗ್ಗದ ಮೇಲಿನ ಬಟ್ಟೆಗಳನ್ನು ತಾನಾಗಿಯೇ ಎತ್ತಿ ಒಳಗೆ ಒಯ್ದಳು. ಒಂದು ದಿನವಂತೂ ಅನ್ನವೇ ಆಗಿತ್ತು. ಕೊಂಚ ಗಂಜಿಯಂತಿತ್ತು, ನಿಜ. ಆದರೆ ನಾನು ಮಾಡದ ಅನ್ನ! ಎರಡು ಸಲ ಬಡಿಸಿಕೊಂಡೆ.

ನನ್ನ ದುರದೃಷ್ಟಕ್ಕೆ ನಮ್ಮವರಿಗೆ ನನ್ನ ಮೇಲೆ ಮರುಕ ಹುಟ್ಟಿತು.

"ಪಾಪ, ದಿನಾ ಆ ಸದ್ದಿನಲ್ಲಿ ಒಬ್ಬಳೇ ಕೂತಿರ್ತೀಯ. ಇದಕ್ಕೊಂದು ಗತಿ ಕಾಣಿಸಲೇಬೇಕು" ಎಂದು ಬಾನೆಟ್ ಎತ್ತಿದರು.

"ಬಿಡ್ರೀ, ನನಗೇನೂ ಬೇಜಾರಿಲ್ಲ."

"ನಿನ್ನ ಈ ತಾಳ್ಮೆ ನೋಡಿದ್ರೆ ನನಗೆ ನಾಚಿಕೆ ಆಗುತ್ತೆ ಕಣೇ."

ನಾಚಿಕೆಯಾಗಬೇಕಾದದ್ದು ಯಾರಿಗೆಂದು ನನಗೆ ಗೊತ್ತಿತ್ತು. ಫೋನಿನಲ್ಲಿ ವಿಡಿಯೋ ನೋಡುತ್ತ ಅವರು ಮೊದಲು ಇಂಜಿನ್ ತಣಿಸುವ ಕೂಲೆಂಟ್ ನೀರು ಪರೀಕ್ಷಿಸಿದರು, ತುಂಬಿತ್ತು. ಇಂಜಿನ್ನಿನ ಬಿಸಿ ಅಳೆಯುವ ಸೆನ್ಸರಿನ ವೈರು ಬಿಡಿಸಿ ಒರೆಸಿ ಸಿಕ್ಕಿಸಿದರು. ಫ್ಯಾನು ಕ್ಯಾರೇ ಅನ್ನಲಿಲ್ಲ. ನಾನು ಮನಸ್ಸಿನಲ್ಲೇ ಅದರ ಬೆನ್ನು ತಟ್ಟಿದೆ. ಕೊನೆಗೆ ಫ್ಯೂಸ್ ಡಬ್ಬದ ಮುಚ್ಚಳ ತೆಗೆದು, ಒಳಗಿದ್ದ ಪುಟ್ಟ ಕಪ್ಪು ಚೌಕಗಳಲ್ಲಿ ಒಂದನ್ನು ಕಿತ್ತರು. ಫ್ಯಾನು ತಟ್ಟನೆ ನಿಂತುಬಿಟ್ಟಿತು.

"ರಿಲೇ!" ಎಂದು ಕುಣಿದರು. "ಇದು ಸ್ವಿಚ್ ಇದ್ದ ಹಾಗೆ. ಒಳಗೆ ಅಂಟಿಕೊಂಡುಬಿಟ್ಟಿದೆ. ಕರೆಂಟು ಹರೀತಾನೇ ಇರುತ್ತೆ, ಫ್ಯಾನು ಪಾಪ ಏನು ಮಾಡುತ್ತೆ?"

ಸಂಜೆಯೊಳಗೆ ಹೊಸ ರಿಲೇ ಬಂತು. ಹಳೆಯದಕ್ಕೆ ಮಗಳ ಉಗುರುಬಣ್ಣದಿಂದ ಕೆಂಪು ಅಡ್ಡಗೆರೆ ಎಳೆದು ಡ್ರಾಯರಿಗೆ ಸೇರಿಸಿದರು. (ನಮ್ಮವರು ಕೆಟ್ಟದ್ದನ್ನು ಎಸೆಯುವವರಲ್ಲ, ಗುರುತು ಹಾಕಿ ಸಾಕುವವರು.)

ಮರುದಿನ ಕೀ ತೆಗೆದೊಡನೆ ಕಾರು ಗಪ್‌ಚಿಪ್. ನಾನಿನ್ನೂ ಬೆಲ್ಟು ಬಿಚ್ಚಿರಲಿಲ್ಲ, "ಅಮ್ಮಾ, ನನ್ನ ನೀಲಿ ಲಂಗ ಎಲ್ಲಿ?", "ಬಂದ್ಯಾ? ಟೀಗೆ ಎಷ್ಟು ಹೊತ್ತಿಂದ ಕಾಯ್ತಿದ್ದೀನಿ!" ಉಪ್ಪಿನ ಡಬ್ಬ ಕಂಡುಹಿಡಿದಿದ್ದ ಮಹಾಶಯರು ಮತ್ತೆ ಉಪ್ಪೆಲ್ಲಿ ಎಂದು ಕೇಳತೊಡಗಿದರು. ಹಗ್ಗದ ಮೇಲೆ ಬಟ್ಟೆ ಹಾಗೇ ನೇತಾಡಿತು. ಆ ವಾರವೆಲ್ಲ ನಾನು ನಿಂತೇ ಕಳೆದೆ.

ತಡೆಯಲಾರದೆ ಒಂದು ಬೆಳಿಗ್ಗೆ ಡ್ರಾಯರಿನಿಂದ ಆ ಕೆಂಪುಗೆರೆಯ ರಿಲೇಯನ್ನು ಕದ್ದು ಕೈಚೀಲಕ್ಕೆ ಹಾಕಿಕೊಂಡೆ. ಸಂಜೆ ಮನೆ ಮುಂದೆ ಇಳಿದು ಕಳ್ಳಿಯಂತೆ ಬಾನೆಟ್ ಎತ್ತಿದೆ. ಡಬ್ಬದ ತುಂಬ ಒಂದೇ ತರಹದ ಕಪ್ಪು ಚೌಕಗಳು! ಇದೇ ಇರಬೇಕೆಂದು ಒಂದನ್ನು ಕಿತ್ತು, ಆ ಜಾಗದಲ್ಲಿ ನನ್ನದನ್ನು ಒತ್ತಿದೆ.

ಪೇಂಂಂಂಂ!

ಅದು ಹಾರನ್ನಿನ ಜಾಗ. ಅಂಟಿಕೊಂಡ ರಿಲೇ, ನಿಲ್ಲದ ಹಾರನ್. ಗಾಬರಿಯಲ್ಲಿ ಕೆಂಪು ಗೆರೆಯೂ ಕಣ್ಣಿಗೆ ಬೀಳದೆ, ಈಗಷ್ಟೇ ಕೂರಿಸಿದ್ದು ಯಾವುದೆಂದೇ ಮರೆತು, ಸಿಕ್ಕಿದ್ದನ್ನೆಲ್ಲ ಕಿತ್ತೆ. ಹಾರನ್ನಿನದೊಂದನ್ನು ಬಿಟ್ಟು ಉಳಿದೆಲ್ಲವೂ ಕೈಗೆ ಬಂದವು. ಎದುರು ಮನೆಯ ಮಹಡಿಯಲ್ಲಿ ತಲೆಗಳು ಮೂಡಿದವು. ನಮ್ಮವರು ಓಡಿಬಂದು, ಡಬ್ಬಕ್ಕೆ ಬಗ್ಗಿ, ಒಂದೇ ಏಟಿಗೆ ಸರಿಯಾದದ್ದನ್ನು ಎಳೆದರು. ಬೀದಿ ಮೌನವಾಯಿತು. ಅವರ ಅಂಗೈಯಲ್ಲಿ ಕೆಂಪು ಗೆರೆಯ ರಿಲೇ.

"ಇದು ನನ್ನ ಡ್ರಾಯರಲ್ಲಿತ್ತಲ್ಲ?"

"ಹೊಸದು ಸರಿ ಇಲ್ವೇನೋ ಅಂತ..."

"ಸರಿಯಾಗೇ ಇತ್ತಲ್ಲೇ! ಫ್ಯಾನು ನಿಂತಿತಲ್ಲ?"

"ನಿಂತಿದ್ದೇ ನನ್ನ ಗ್ರಹಚಾರ!" ಎಂದೆ. "ಅದು ತಿರುಗ್ತಿದ್ದಾಗ ನಾನು ಒಂದಿಷ್ಟು ಕೂತ್ಕೋತಿದ್ದೆ. ಅಷ್ಟೇ."

ನಮ್ಮವರು ಅಂಗೈ ನೋಡಿದರು, ನನ್ನನ್ನು ನೋಡಿದರು.

"ಕೂತ್ಕೋಬೇಕು ಅಂತ ಒಂದು ಮಾತು ಹೇಳಬಾರದಿತ್ತಾ?"

"ಎಷ್ಟು ಸಲ ಹೇಳಿದ್ದೀನಿ. 'ಹಾಗೇ ನನಗೂ ಒಂದು ಟೀ' ಅಂದಿದ್ದೀರಿ."

ನಮ್ಮವರು ನನ್ನ ಮುಷ್ಟಿಯಲ್ಲಿದ್ದ ರಿಲೇಗಳನ್ನು ಮೆಲ್ಲಗೆ ಬಿಡಿಸಿಕೊಂಡು ಒಂದೊಂದನ್ನೂ ಅದರದರ ಜಾಗದಲ್ಲಿ ಕೂರಿಸಿದರು. "ಹೋಗು, ಕಾರಲ್ಲಿ ಕೂತ್ಕೋ. ಒಳಗಿಂದು ನಾನು ನೋಡ್ಕೋತೀನಿ. ಇವತ್ತೂ, ನಾಳೆನೂ" ಎಂದರು. ಆ ದನಿ ನಮ್ಮ ಮದುವೆಯಾದ ಹೊಸದರಲ್ಲಿ ಕೇಳಿದ್ದು.

ಕಣ್ಣೊರೆಸಿಕೊಂಡು ವಿಜಯಲಕ್ಷ್ಮಿಯಂತೆ ಕಾರಿನ ಬಾಗಿಲಿಗೆ ಹೋದೆ. ನನ್ನ ಸೀಟಿನಲ್ಲಿ ಅತ್ತೆ! ಹಾರನ್ ಕೇಳಿ ಹೊರಗೆ ಬಂದವರು, ನಮ್ಮ ಮಾತೆಲ್ಲ ಕೇಳಿಸಿಕೊಂಡು, ಸದ್ದಿಲ್ಲದೆ ಹತ್ತಿ ಕೂತಿದ್ದರು. ಮಡಿಲಲ್ಲಿ ಬೆಳ್ಳುಳ್ಳಿ ಇರಲಿಲ್ಲ.

"ಅತ್ತೆ, ಅದು ನಾನು..."

"ನೀನು ಕೂತಾಯ್ತಲ್ಲ ಅಷ್ಟು ದಿನ. ನಾನು ಈ ಮನೆಗೆ ಬಂದಾಗ ಕಾರೆಲ್ಲಿತ್ತು?" ಎಂದು ಸೀಟನ್ನು ಹಿಂದಕ್ಕೆ ಒರಗಿಸಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲೋ, ಆ ಫ್ಯಾನು ಹಚ್ಚೋ! ಸದ್ದಿಲ್ಲದಿದ್ರೆ ನೀನು ಕರೆದಿದ್ದು ಕೇಳಿಸಿಬಿಡುತ್ತೆ" ಎಂದರು.

ಅವರ ಮಗ ಕೆಟ್ಟ ರಿಲೇಯನ್ನು ಸರಿಯಾದ ಜಾಗದಲ್ಲಿ ಕೂರಿಸಿದ. ಫ್ಯಾನು ಭರ್ರೆಂದಿತು.

ನಾನು ಹಿಂದಿನ ಸೀಟಿನಲ್ಲಿ ಮಂಡಿ ಮುದುಡಿಕೊಂಡು ತೂರಿಕೊಂಡೆ. ಕಣ್ಣು ಮುಚ್ಚುವಷ್ಟರಲ್ಲಿ ಅತ್ತೆ ಹಿಂದೆ ತಿರುಗದೆಯೇ ಅಂದರು:

"ಈ ಬಲಗಡೆ ಭುಜ ಒಂಚೂರು ಒತ್ತು ನೋಡೋಣ."

ಒತ್ತಿದೆ. ಭುಜವೇ ಅದು? ಕಲ್ಲು. ಎಷ್ಟು ಬಿಂದಿಗೆ, ಎಷ್ಟು ಬಕೆಟ್ಟು, ಯಾರಾರನ್ನು ಎತ್ತಿತ್ತೋ! ಒತ್ತುತ್ತ ಒತ್ತುತ್ತ ಅದು ಮೆಲ್ಲಗೆ ಸಡಿಲವಾಯಿತು. ಅತ್ತೆಯ ತಲೆ ಒಂದು ಕಡೆಗೆ ವಾಲಿತು, ಸಣ್ಣಗೆ ಗೊರಕೆಯೂ ಕೇಳಿಸಿತು. ಪಾಪ, ಮಲಗಲಿ ಎಂದು ಉಸಿರು ಬಿಗಿಹಿಡಿದು ಕೈ ತೆಗೆದೆ.

"ನಿಲ್ಲಿಸು ಅಂತ ಯಾರಮ್ಮ ಹೇಳಿದ್ದು?" ಎಂದರು ಅತ್ತೆ.